ಇಂಗ್ಲೆಂಡಿನ ಕಾಲಮ್ಮಿನಲ್ಲಿ ನಾನು ಬರೆದದ್ದು

ನಲವತ್ತು ಕಲ್ಲುಪಾಟಿಗಳನ್ನು ಒಮ್ಮೆಲೇ ನೆಲಕ್ಕಿಟ್ಟ ಸದ್ದು ನನಗೆ ಈಗಲೂ ಕೇಳುತ್ತದೆ. ಆ ಪಾಟಿಗಳ ಶಾಲೆಯ ನೀಲವ್ವ ಅಕ್ಕೋರು "ಬರತೇನಿ" ಅಂದಿದ್ದರು. ನಾನು ಅದನ್ನು ಇಂಗ್ಲಿಷಿನಲ್ಲಿ "ಬರಲಾರರು" ಎಂದು ಹೇಳಿದೆ. ಬೇಕಂತಲೇ ಹೇಳಿದೆ. ಇಷ್ಟೇ ನನ್ನ ತಪ್ಪು ಎಂದು ಬರೆದು ಮುಗಿಸಬಹುದಿತ್ತು — ಆದರೆ ಇಷ್ಟೇ ಅಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಧಾರವಾಡದ ಮಾಳಮಡ್ಡಿಯ ಬ್ರಾಹ್ಮಣರ ಮನೆಯ ಹುಡುಗಿ ನಾನು. ಕಾನ್ವೆಂಟಿನಲ್ಲಿ ಕಲಿತು, ಬಿ.ಎ. ಮುಗಿಸಿ, ಅಲ್ಲೇ ಟೀಚರಾಗಿದ್ದೆ. ಇಂಗ್ಲೆಂಡಿನ ಒಂದು ಟ್ರೇನಿಂಗ್ ಕಾಲೇಜಿನಿಂದ ಮಿಸ್ ಹಾಲ್ ಎಂಬವರು ನಮ್ಮಲ್ಲಿಗೆ ಬಂದರು. ದೇಶದೇಶಗಳ ಶಾಲೆಗಳನ್ನು ಹೋಲಿಸಿ ನೋಡುವುದು ಅವರ ಕೆಲಸ. ದಪ್ಪ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ದೇಶಕ್ಕೊಂದು ಕಾಲಮ್ಮು ಮಾಡಿಕೊಂಡಿದ್ದರು. ಡೆನ್ಮಾರ್ಕ್, ಜಪಾನ್ ತುಂಬಿದ್ದವು. ಇಂಡಿಯಾ ಖಾಲಿ ಇತ್ತು. ನಮ್ಮ ಕಾನ್ವೆಂಟನ್ನು ನೋಡಿ ಅವರು, ಇಂಥದ್ದು ನಮ್ಮೂರಲ್ಲೇ ಇದೆ, ಕನ್ನಡ ಶಾಲೆ ತೋರಿಸಿ ಅಂದರು. ಕಾನ್ವೆಂಟಿನವರು ದುಭಾಷಿಯಾಗಿ ನನ್ನನ್ನು ಕಳಿಸಿದರು.

ಹಳೇ ಹುಬ್ಬಳ್ಳಿಯ ಒಂದು ಓಣಿ. ಕೋಣೆ ಒಂದು, ಇಯತ್ತೆ ನಾಲ್ಕು, ಕಲಿಸುವವರು ಒಬ್ಬರೇ — ನೀಲವ್ವ ಅಕ್ಕೋರು. ದೊಡ್ಡ ಹುಡುಗಿಯರಿಗೆಲ್ಲ ಒಂದೊಂದು ಸಣ್ಣ ಹುಡುಗಿಯನ್ನು ಒಪ್ಪಿಸಿದ್ದರು. ಅದಕ್ಕೆ 'ಕೂಸು' ಅನ್ನುತ್ತಿದ್ದರು, ದೊಡ್ಡವಳಿಗೆ 'ಅಕ್ಕ'. ಕೂಸಿನ ಪಾಟಿಯ ಮೂಲೆಯಲ್ಲಿ ಅಕ್ಕನ ಹೆಸರು. ಅಕ್ಕೋರು ಮೊದಲು ನೋಡುವುದು ಕೂಸಿನ ಪಾಟಿ; ಅದು ಸರಿಯಿದ್ದರೆ ಮಾತ್ರ ಅಕ್ಕನದು. ಮೂಲೆಯಲ್ಲೊಬ್ಬಳು ತನ್ನ ಕೂಸನ್ನು ಗದರಿಸುತ್ತಿದ್ದಳು: "ಏ, ಕಣ್ಣ ಬಿಟ್ಟ ನೋಡ. ನಿನ್ನ ಸಲುವಾಗಿ ನಾ ನಾಪಾಸ ಆಗ್ಲೇನ?" ಬೈಯುತ್ತಲೇ ಅದರ ಕೈ ಹಿಡಿದು ತಿದ್ದಿಸುತ್ತಿದ್ದಳು. ಮಿಸ್ ಹಾಲ್ ನೆಲದ ಮೇಲೇ ಕೂತುಬಿಟ್ಟರು. ಒಂದು ತಾಸು ಏಳಲಿಲ್ಲ.

ಅಕ್ಕೋರು ನೀರು ತಂದುಕೊಟ್ಟರು. ಮಿಸ್ ಹಾಲ್ ಕುಡಿದರು. ನಾನು ಕುಡಿಯದೆ ಲೋಟ ಹಿಡಿದುಕೊಂಡೇ ಕೂತೆ. ಯಾಕೆಂದು ನನಗೂ ಗೊತ್ತಿತ್ತು, ಅಕ್ಕೋರಿಗೂ.

ಈ ಮೆಥಡ್ ನಿಮಗೆ ಕಲಿಸಿದವರು ಯಾರು ಎಂದು ಮಿಸ್ ಹಾಲ್ ಕೇಳಿದರು. ಅಕ್ಕೋರು ನಕ್ಕರು. "ಯಾರ ಕಲಸಬೇಕ್ರಿ? ಮನ್ಯಾಗ ಹಿರೇ ಹುಡುಗಿ ಸಣ್ಣದನ್ನ ಎತ್ಕೊಂಡ ಅಡ್ಡಾಡ್ತೈತಿ. ಸಾಲ್ಯಾಗೂ ಎತ್ಕೊಂಡ್ರ ಏನಾಕ್ಕೈತಿ ನೋಡೂಣು ಅಂದ್ನಿ. ಎತ್ಕೊಂಡಾಕಿನೂ ಗಟ್ಟಿ ಆದ್ಳು."

ಇದನ್ನು ನಾನು ಹೀಗೆ ಹೇಳಿದೆ: ಸ್ಟಾಫ್ ಕಡಿಮೆ, ಅದಕ್ಕೇ ಈ ವ್ಯವಸ್ಥೆ.

ಆದರೂ ಮಿಸ್ ಹಾಲ್ ಬಿಡಲಿಲ್ಲ. ತಮ್ಮ ಕಾಲೇಜಿನಲ್ಲಿ ಒಂದು ವರ್ಷಕ್ಕೆ ಒಬ್ಬ ಟೀಚರಿಗೆ ಜಾಗವಿದೆ, ಇವರು ಬಂದು ನಮ್ಮವರಿಗೆ ಇದನ್ನು ತೋರಿಸುತ್ತಾರೆಯೇ, ಭಾಷೆಗೆ ಏನಾದರೂ ಏರ್ಪಾಡು ಮಾಡೋಣ ಅಂದರು. ನಾನು ಕೇಳಿದೆ. ಅಕ್ಕೋರು ಸೆರಗಿಗೆ ಕೈ ಒರೆಸಿಕೊಂಡು, ಅಲ್ಲಿ ರೊಟ್ಟಿ ಸಿಗುತ್ತವೇನು ಎಂದು ಕೇಳಿ ತಾವೇ ನಕ್ಕರು. ಆಮೇಲೆ ನಗು ನಿಲ್ಲಿಸಿ, ನನ್ನ ಕಡೆ ತಿರುಗಿ — "ಬರತೇನಿ ಅಂತ ಹೇಳ್ರಿ, ಬಾಯಾರ. ನಮ್ಮವ್ವನ್ನ ತಂಗಿ ನೋಡ್ಕೋತಾಳ. ನಾ ಬರತೇನಿ."

"ಶಿ ಈಸ್ ಗ್ರೇಟ್‌ಫುಲ್, ಮಿಸ್ ಹಾಲ್. ಬಟ್ ಶಿ ಕೆನಾಟ್ ಲೀವ್ ಹರ್ ಫ್ಯಾಮಿಲಿ."

ಎಷ್ಟು ಸಲೀಸಾಗಿ ಬಂತು ಆ ವಾಕ್ಯ! ನನ್ನ ಗ್ರಾಮರಿನಲ್ಲಿ ಒಂದು ತಪ್ಪಿರಲಿಲ್ಲ. ಅಕ್ಕೋರ ಕಡೆ ತಿರುಗಿ, ಪತ್ರ ಬರೀತಾರಂತ್ರಿ ಅಂದೆ. ಅವರು ಕೈ ಮುಗಿದರು — ನನಗೆ.

ವಾಪಸು ಬರುವಾಗ ಟಾಂಗಾದಲ್ಲಿ ಮಿಸ್ ಹಾಲ್, ಹಾಗಾದರೆ ನೀನು ಬರುತ್ತೀಯಾ ಎಂದು ಕೇಳಿದರು. ಅವರು ಕೇಳಲಿ ಎಂದೇ ನಾನು ಆ ಸುಳ್ಳು ಹೇಳಿದ್ದೆ.

ಹೋದೆ. ಅಲ್ಲಿನ ಒಂದು ಸಣ್ಣ ಮಕ್ಕಳ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಬಹಳ ಹೆಮ್ಮೆಯಿಂದ ಒಂದು ಕ್ಲಾಸ್‌ರೂಮ್ ತೋರಿಸಿದರು. ಐದು, ಆರು, ಏಳು ವರ್ಷದವರು ಒಟ್ಟಿಗೆ. ದೊಡ್ಡದು ಸಣ್ಣದಕ್ಕೆ ಕಲಿಸುತ್ತಿತ್ತು. ಫ್ಯಾಮಿಲಿ ಗ್ರೂಪಿಂಗ್, ಇದು ನಮ್ಮ ಹೊಸ ಪ್ರಯೋಗ ಅಂದರು. ಇದನ್ನು ಹುಬ್ಬಳ್ಳಿಯಲ್ಲಿ ನೋಡಿದ್ದೇನೆ ಎಂದು ಹೇಳಲು ನನಗೆ ಅರ್ಧ ನಿಮಿಷ ಸಾಕಿತ್ತು. "ಹೌ ವಂಡರ್‌ಫುಲ್" ಅಂದೆ.

ತಿರುಗಿ ಬಂದಮೇಲೆ ಟ್ರೇನಿಂಗ್ ಕಾಲೇಜುಗಳಲ್ಲಿ ಶಾಲಾ ಪದ್ಧತಿಗಳ ಹೋಲಿಕೆಯ ಮೇಲೆ ಭಾಷಣ ಮಾಡುವವಳಾದೆ. ಮಿಸ್ ಹಾಲ್ ಅವರ ಹಾಗೆಯೇ ನಾನೂ ಚಾರ್ಟಿಗೆ ಗೆರೆ ಎಳೆದೆ. ಇಂಡಿಯಾದ ಕಾಲಮ್ಮಿನಲ್ಲಿ: ಬಾಯಿಪಾಠ, ಇಕ್ಕಟ್ಟು, ತರಬೇತಿಯಿಲ್ಲದ ಶಿಕ್ಷಕರು. ಇಂಗ್ಲೆಂಡಿನ ಕಾಲಮ್ಮಿನಲ್ಲಿ: ಹಿರಿಯ ಮಕ್ಕಳು ಕಿರಿಯರಿಗೆ ಕಲಿಸುವ ಹೊಸ ವಿಧಾನ. ಆ ಚಾರ್ಟು ಕೈಪಿಡಿಯಾಗಿ ಅಚ್ಚಾಯಿತು. ಎಷ್ಟೋ ಶಿಕ್ಷಕರು ಅದನ್ನು ಓದಿ ಪರೀಕ್ಷೆ ಬರೆದರು — ನನ್ನ ಸುಳ್ಳನ್ನು ಬರೆದು ಪಾಸಾದರು.

ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು, ಆ ನಾಚಿಕೆ ನನ್ನೊಳಗೆ ಇಳಿದಿತ್ತು ಎಂದು ಬರೆಯಬಹುದು. ಬರೆಯುವುದಿಲ್ಲ. ಬೆಂಚಿನ ಮೇಲೆ ನಿಂತ ಉಳಿದ ಹುಡುಗಿಯರು ಯಾರ ಮಾತನ್ನೂ ಕದಿಯಲಿಲ್ಲ.

ಈಗ ಆ ಕೈಪಿಡಿಯನ್ನು ಮತ್ತೆ ಅಚ್ಚು ಹಾಕುತ್ತಾರಂತೆ, ಮುನ್ನುಡಿ ಕೇಳಿದ್ದಾರೆ. ಈ ಬರಹವೇ ಮುನ್ನುಡಿ. ಇಂಡಿಯಾದ ಕಾಲಮ್ಮನ್ನು ತಿದ್ದಿದ್ದೇನೆ — ಮೊದಲ ಸಾಲಿನಲ್ಲಿ ನೀಲವ್ವ ಅಕ್ಕೋರ ಹೆಸರು, ಅವರ ಓಣಿ, 'ಕೂಸು' ಎಂಬ ಶಬ್ದ. ಇದನ್ನು ಬಿಟ್ಟು ಅಚ್ಚು ಹಾಕಲು ನಾನು ಒಪ್ಪುವುದಿಲ್ಲ. ಹಾಗೆಂದು ಕಾಗದ ಬರೆದು ಸಹಿ ಮಾಡಿದ್ದೇನೆ. ಅಕ್ಕೋರು ತೀರಿಹೋಗಿ ಬಹಳ ವರ್ಷಗಳಾದವು. ತಡವಾಯಿತು. ಆದರೂ ತಿದ್ದುತ್ತೇನೆ.

ಅವರನ್ನು ಕೊನೆಯ ಸಲ ನೋಡಿದ್ದು ಅರವತ್ತರ ದಶಕ ಮುಗಿಯುತ್ತ ಬಂದಾಗ, ಧಾರವಾಡದಲ್ಲಿ, ಶಿಕ್ಷಕರ ಶಿಬಿರದಲ್ಲಿ. ಹಿಂದಿನ ಸಾಲಿನಲ್ಲಿ ಕೂತಿದ್ದರು. ನಾನು ಕಡ್ಡಿ ಹಿಡಿದು ಇಂಗ್ಲೆಂಡಿನ ಕಾಲಮ್ಮು ತೋರಿಸುವಾಗ ಅವರ ಮುಖ ಕಂಡಿತು, ಭಾಷಣ ನಿಲ್ಲಿಸಲಿಲ್ಲ. ಮುಗಿದ ಮೇಲೆ ಹತ್ತಿರ ಬಂದರು. ಕೂದಲು ಬೆಳ್ಳಗಾಗಿತ್ತು.

"ಛಲೋ ಹೇಳಿದ್ರಿ, ಬಾಯಾರ. ಅಲ್ಲೂ ಹಂಗ ಮಾಡ್ತಾರಂತ ಕೇಳಿ ಜೀವಕ್ಕ ಸಮಾಧಾನ ಆತು. ನಂದ ಏನರ ತಪ್ಪೈತೇನೋ ಅಂತ ತಿಳಕೊಂಡಿದ್ನಿ." ಸೆರಗು ಸರಿಮಾಡಿಕೊಂಡು, "ಆ ಪತ್ರ ಬರಲಿಲ್ಲ ನೋಡ್ರಿ" ಅಂದರು.

ನಾನು ಚಾರ್ಟು ಸುತ್ತತೊಡಗಿದೆ. ಅವರು ಅದರ ಇನ್ನೊಂದು ತುದಿ ಹಿಡಿದು, ಸುಕ್ಕಾಗದ ಹಾಗೆ ಸುತ್ತಿಕೊಟ್ಟು, ಹುಬ್ಬಳ್ಳಿ ಬಸ್ಸಿಗೆ ಹೊತ್ತಾಯಿತೆಂದು ಹೊರಟರು.