ನೀಲಿ ಮೀನಿಗೊಂದು ಜೊತೆ

ಉಪ್ಪಿನ ವಿಷಯದಲ್ಲಿ ನನ್ನ ನಾಲಗೆ ತಪ್ಪುವುದಿಲ್ಲ ಎಂಬ ಜಂಬ ನನಗಿತ್ತು. ಇಪ್ಪತ್ತು ವರ್ಷ ಮಾವಿನಮಿಡಿಗೆ ಉಪ್ಪುನೀರು ಹದಮಾಡಿದವಳಿಗೆ ಸಮುದ್ರ ಯಾವ ಲೆಕ್ಕ?

ಇವರಿಗೆ ಐವತ್ತು ತುಂಬಿದ ಖುಷಿಗೆ ಗಾಜಿನ ಪೆಟ್ಟಿಗೆಯೊಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಸಾಲುಮನೆಗಳ ನಮ್ಮ ಚಾಳಿಗೆ ಬಂದು, ಹೊಲಿಗೆಯಂತ್ರದ ಪಕ್ಕ ಕೂತಿತು. ಒಳಗೆ ಬೆಳ್ಳನೆಯ ಹವಳದ ಕೊಂಬೆ, ಹೆಬ್ಬೆರಳುದ್ದದ ನೀಲಿ ಮೀನು. ಎಂಥ ನೀಲಿ ಅಂತೀರಿ! ಯಾವ ರೇಷ್ಮೆಗೂ ಆ ಬಣ್ಣ ಹತ್ತಲಿಕ್ಕಿಲ್ಲ. ಮಾರಿದ ಅಂಧೇರಿಯ ಅಂಗಡಿಯವನು ನಮ್ಮ ಮಂಗಳೂರು ಕಡೆಯವನೇ. "ಅಕ್ಕಾ, ಇದು ಸಮುದ್ರದ್ದು. ನೀರು ಬದಲಿಸುವಾಗ ಜುಹು ಬೀಚಿನದ್ದೇ ತರ್ಬೇಕು, ಆಯ್ತಾ?" ಎಂದು ಹೇಳಿಯೇ ಕಳಿಸಿದ್ದ.

ಕಲ್ಲುಪ್ಪು ಮನೆಯಲ್ಲೇ ಇರುವಾಗ ಜುಹು ಯಾಕೆ? ನಲ್ಲಿನೀರಿಗೆ ಉಪ್ಪು ಕದಡಿ, ನೆಕ್ಕಿ ನೋಡಿ, ಹದ ಸರಿಯಾಯಿತೆಂದು ಸುರಿದೆ. ಗಳಿಗೆಯಲ್ಲಿ ಮೀನು ಪಕ್ಕಕ್ಕೆ ವಾಲಿತು!

"ಏನು ಮಾರಾಯ್ತಿ, ಮೀನನ್ನೂ ಉಪ್ಪಿನಕಾಯಿ ಹಾಕಿದ್ಯಾ?" ಎಂದರು ಇವರು.

ಎರಡು ಕೊಡ ಹಿಡಿದು ಜುಹುವಿನ ಬಸ್ಸಿಗೆ ಓಡಿದೆ. ಮರಳುವಾಗ ಕಂಡಕ್ಟರ್, "ಕ್ಯಾ ಬಾಯಿ, ಸಮುಂದರ್ ಘರ್ ಲೇ ಜಾ ರಹೀ ಹೋ?" ಎಂದ. ನಿಜಕ್ಕೂ ಸಮುದ್ರವನ್ನೇ ಮನೆಗೊಯ್ಯುತ್ತಿದ್ದೆ. ಹೊಸ ನೀರಲ್ಲಿ ಮೀನು ಬಾಲ ಆಡಿಸಿದಾಗ ಬಾಗಿಲಲ್ಲಿ ನೆರೆದಿದ್ದ ಇಡೀ ಚಾಳು ಚಪ್ಪಾಳೆ ತಟ್ಟಿತು!

"ಒಂಟಿ ಪ್ರಾಣಿ, ಜೊತೆಯೊಂದು ತಾ," ಎಂದರು ಇವರು. ಮರುದಿನವೇ ಜಾಡಿ ಹಿಡಿದು ಅಂಧೇರಿಗೆ ಹೋದೆ.

"ಇದನ್ನು ಹಿಡಿಯುವುದು ಹೇಗಪ್ಪಾ?"

"ಹವಳದ ಸಂದಿಯಲ್ಲಿ ಅಡಗಿರ್ತದೆ ಅಕ್ಕಾ. ಬಾ ಅಂದ್ರೆ ಬರ್ತದಾ? ಕೊಂಬೆಯನ್ನೇ ಮುರಿದು ಮೇಲೆ ತಂದು ಕೊಡಹುವುದು, ಮೀನು ಉದುರ್ತದೆ."

"ಮತ್ತೆ ಆ ಕೊಂಬೆ?"

"ಅದೂ ಜೀವ ಇರುವಂಥದ್ದೇ. ಸತ್ತ ಮೇಲೆ ತೊಳೆದು ಒಣಗಿಸಿ ಮಾರುವುದು. ನಿಮ್ಮ ಪೆಟ್ಟಿಗೆಯಲ್ಲಿ ಬೆಳ್ಳಗೆ ಉಂಟಲ್ಲ!"

ಕೈ ತಾನಾಗಿ ಕರಿಮಣಿಗೆ ಹೋಯಿತು. ಅದರಲ್ಲೂ ಎರಡು ಹವಳ. ಹವಳ ಹುಟ್ಟುವುದು ಅಕ್ಕಸಾಲಿಗನ ಡಬ್ಬಿಯಲ್ಲಿ ಎಂದೇ ಇಷ್ಟು ದಿನ ನಂಬಿದ್ದೆನೇನೋ! ಒಬ್ಬ ಬಾಡಿಗೆದಾರನನ್ನು ಹೊರಗೆ ತರಲು ಇಡೀ ಚಾಳನ್ನು ಕೆಡವುವುದೆಂದರೆ? ನಮ್ಮ ಚಾಳಿನ ನಲ್ಲಿ, ಮೆಟ್ಟಿಲು, ಮೂವತ್ತು ಮನೆಗಳ ಒಗ್ಗರಣೆಯ ಘಮ ಎಲ್ಲ ಕಣ್ಣ ಮುಂದೆ ಬಂತು.

ಖಾಲಿ ಜಾಡಿಯೊಂದಿಗೆ ಹಿಂತಿರುಗಿದೆ.

"ಜೊತೆ ಎಲ್ಲಿ?" ಎಂದರು ಇವರು.

"ಮನೆ ಬಿಟ್ಟು ಬರಲು ಒಪ್ಪಲಿಲ್ಲ," ಎಂದೆ.

ಇವರು ಹೌದೆಂದು ತಲೆಯಾಡಿಸಿದರು. ಮುಂಬಯಿಯಲ್ಲಿ ಆ ಮಾತಿಗೆ ಯಾರೂ ಎದುರಾಡುವುದಿಲ್ಲ.