ಮೌಲಾಬಿಯ ಬಲಗಾಲಿನ ಎಣ್ಣೆ

ಚೆಂಬೂರಿನ ಚಾಳಿನಲ್ಲಿ ನಲವತ್ತು ವರ್ಷದಿಂದ ಬ್ಲೌಸ್ ಹೊಲಿಯುವ ಮೌಲಾಬಿ, ಬಟ್ಟೆಯ ಚೂರೊಂದನ್ನು ನೀರಲ್ಲಿ ನೆನೆಸಿ ನೋಡದೆ ಎಂದೂ ಕತ್ತರಿ ಹಾಕಿದವಳಲ್ಲ. ಬಣ್ಣ ಬಿಡುವುದಿಲ್ಲ ಎಂದು ಅಂಗಡಿಯವನು ಆಣೆ ಮಾಡಿದರೂ ನಂಬಳು. ಪೆಡಲ್ ತುಳಿದು ತುಳಿದು ಎರಡೂ ಮೊಣಕಾಲು ಹಿಡಿದುಕೊಂಡಾಗಲೂ ಅದೇ ಹಟ.

ಮೊಮ್ಮಗಳು ಆರ್ಜೂ ಎಳ್ಳೆಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ ತಂದಳು.

“ಬಲಗಾಲಿಗೆ ಅಷ್ಟ ಹಚ್ಚು. ಎರಡಕ್ಕೂ ಹಚ್ಚಿದ್ರ ಎಣ್ಣಿ ಕೆಲಸ ಮಾಡ್ತೋ ಇಲ್ಲೋ ಹೆಂಗ ಗೊತ್ತಾಗಬೇಕು?” ಎಂದು ಮೌಲಾಬಿ ಗದರಿದಳು.

ಗಿರಾಕಿಗಳ ಬಟ್ಟೆಗೆ ಎಣ್ಣೆ ತಾಗಬಾರದಲ್ಲ. ಹಾಗಾಗಿ ದಿನಾ ಸಂಜೆ ಮೆಷಿನ್ ಬಿಟ್ಟು, ಅರ್ಧ ಗಂಟೆ ಕಾಲು ಚಾಚಿ ಕುಳಿತಳು.

ಹದಿನೈದು ದಿನಕ್ಕೆ ಬಲಗಾಲಿನ ನೋವು ಇಳಿಯಿತು. ವಿಚಿತ್ರವೆಂದರೆ, ಏನೂ ಹಚ್ಚದ ಎಡಗಾಲಿನದೂ ಅಷ್ಟೇ ಇಳಿದಿತ್ತು! ಮೌಲಾಬಿ ಎರಡೂ ಮೊಣಕಾಲುಗಳನ್ನು ಒತ್ತಿ ಒತ್ತಿ ನೋಡಿದಳು. ಮರುದಿನದಿಂದ ಎಣ್ಣೆ ನಿಲ್ಲಿಸಿ, ಸಂಜೆ ಬರಿದೇ ಕಾಲು ಚಾಚಿ ಕುಳಿತಳು. ನೋವು ಮರಳಲಿಲ್ಲ.

ಸುದ್ದಿ ಹಬ್ಬಿ ಚಾಳಿನ ಹೆಂಗಸರು ಮದ್ದು ಕೇಳಿಕೊಂಡು ಬಂದರು. ಮೌಲಾಬಿ ಎಲ್ಲರಿಗೂ ಒಂದೊಂದು ಶೀಶೆ ಬೆಳ್ಳುಳ್ಳಿ ಎಣ್ಣೆ ಕೊಟ್ಟು, ಹಚ್ಚಿದ ಮೇಲೆ ಅರ್ಧ ಗಂಟೆ ಯಾರು ಕರೆದರೂ ಏಳಬಾರದೆಂದು ತಾಕೀತು ಮಾಡಿದಳು.

ಅವರು ಹೋದ ಮೇಲೆ ಆರ್ಜೂ ತಡೆಯಲಾರದೆ ಕೇಳಿದಳು: “ದಾದಿ, ಎಣ್ಣೆಯಿಂದ ಕುಛ್ ಆಗಲಿಲ್ಲ ನಾ? ಫಿರ್ ಯಾಕೆ ಕೊಟ್ಟೆ?”

“ಬರೇ ಕುಂದರ್ರಿ ಅಂದ್ರ ಯಾವ ಹೆಣ್ಮಗಳು ಕುಂದರ್ತಾಳ, ಹೇಳು?”