ತೊಂಬತ್ತು ದಿನದ ಸುಳ್ಳು

ಶಿರಾ ಪೇಟೆಯಲ್ಲಿ ಹಾಸಿಗೆ ಅಂಗಡಿ ಇಟ್ಟಿರುವ ಬಾಷಾ ಸಾಬರ ಮಗಳು ಮಹಜಬೀನ್, ಅದೇ ಊರಿನ ಪುಟ್ಟ ಸಾಫ್ಟ್‌ವೇರ್ ಕಚೇರಿಯಲ್ಲಿ ಆರು ವರ್ಷದಿಂದ ಕೆಲಸಕ್ಕಿದ್ದಳು. ಯಾವ ಕೆಲಸಕ್ಕೆ ಎಷ್ಟು ದಿನ ಹಿಡಿಯುತ್ತದೆಂದು ಅಂದಾಜು ಹಾಕುವುದು ಅವಳ ಪಾಲಿಗೆ ಬಂದಿತ್ತು. ಅದನ್ನು ತಿದ್ದುವುದು ಮಾಲೀಕ ಪ್ರಭುದೇವನ ಚಾಳಿ. ದಿನ ಕತ್ತರಿಸಿ ಗಿರಾಕಿಗೆ ಮಾತು ಕೊಡುವನು, ಗಡುವು ತಪ್ಪಿದರೆ ಕೆಲಸದವರನ್ನು ಸಾಲಾಗಿ ನಿಲ್ಲಿಸಿ ಬೈಯುವನು. ಮಹಜಬೀನ್‌ಗೆ ಅವನ ದನಿ ಕೇಳಿದರೇ ಹೇಸಿಗೆಯಾಗುತ್ತಿತ್ತು.

ಈ ವರ್ಷ ಮಧುಗಿರಿ ಕಡೆಯ ಕಡಲೆಕಾಯಿ ಬೆಳೆಗಾರರ ಸಂಘವೊಂದು, ಖರೀದಿಯ ತೂಕ, ರಸೀದಿ, ಕಾಯಿಯ ದರ್ಜೆ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಕೊಡುವ ಕೆಲಸ ತಂದಿತು. ಮಹಜಬೀನ್ ಐ.ಡಿ.ಹಳ್ಳಿಯ ಖರೀದಿ ಕೇಂದ್ರದಲ್ಲಿ ಎರಡು ದಿನ ಕೂತು ನೋಡಿದಳು. ತೂಕ, ರಸೀದಿಯ ಕೆಲಸ ಹಿಂದೆ ನಾಲ್ಕು ಸಲ ಮಾಡಿದ್ದೇ. ಹಳೆಯ ಪದ್ಧತಿಯಂತೆ ಮೊದಲೇ ಲೆಕ್ಕ ಹಾಕಿ ನಲವತ್ತು ದಿನ ಎಂದು ಗಟ್ಟಿಯಾಗಿ ಬರೆದಳು. ಕಾಯಿಯ ದರ್ಜೆ ಹಾಗಲ್ಲ. ಕೇಂದ್ರದ ಮುನಿಯಮ್ಮ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ದರ್ಜೆ ಹೇಳುವಳು, ಪಕ್ಕದವರು ಸುಲಿದು ನೋಡುವರು, ಬರೆದಿಟ್ಟ ನಿಯಮವೇ ಇಲ್ಲ. ಅದಕ್ಕೆ ಅಜೈಲ್ ಪದ್ಧತಿಯೇ ಸರಿ, ಎರಡೆರಡು ವಾರ ಮಾಡಿ ತೋರಿಸಿ, ಕಂಡದ್ದರ ಮೇಲೆ ಮುಂದಿನ ಅಂದಾಜು ಹೇಳಬೇಕು ಎಂದು ಬರೆದಳು.

ಪ್ರಭುದೇವ ಓದಿ ನಕ್ಕ. “ಎರಡು ಪದ್ಧತಿ ಯಾಕೆ? ಎಲ್ಲಾ ಅಜೈಲ್ ಅನ್ನೋಣ. ಕೇಳೋಕೆ ಚೆನ್ನಾಗಿರುತ್ತೆ.”

“ಅಜೈಲ್ ಅಂದ್ರೆ ಬೇಗ ಮುಗಿಯುತ್ತೆ ಅಂತಲ್ಲ ಸಾರ್.”

“ಅದು ಅವರಿಗೆ ಗೊತ್ತಾ?”

ಮಾರನೆಯ ದಿನ ಅವನು ಸಂಘದವರ ಮುಂದೆ ಇಟ್ಟ ಕಾಗದದಲ್ಲಿ ‘ಅಜೈಲ್, ಪೂರ್ತಿ ಕೆಲಸ ತೊಂಬತ್ತು ದಿನ’ ಎಂದಿತ್ತು. ಕೆಳಗೆ ಅವಳ ಹೆಸರು.

ಸಂಘದ ಅಧ್ಯಕ್ಷ ಗಂಗಹನುಮಯ್ಯ ಕಾಗದದಿಂದ ತಲೆಯೆತ್ತಿದ. “ನಮ್ಮ ಕೇಂದ್ರದಾಗೆ ಎಲ್ಡು ದಿನ ಕುಂತಿದ್ದೆ ಅಲ್ವೇನಮ್ಮ? ಇದು ನೀನೇ ಬರ್ದಿದ್ದಾ? ನಿಜ ಹೇಳ್ಬುಡು.”

“ಹೆಸರು ನಂದು. ಲೆಕ್ಕ ನಂದಲ್ಲ,” ಎಂದು ಅವಳು ತನ್ನ ಹಾಳೆಯನ್ನೇ ಮುಂದಿಟ್ಟಳು. “ತೂಕದ್ದು ನಲವತ್ತು ದಿನ, ಖಂಡಿತ. ದರ್ಜೆದು ಈಗ್ಲೇ ಹೇಳಿದ್ರೆ ಸುಳ್ಳಾಗುತ್ತೆ.”

ಮುದುಕ ನಿಧಾನವಾಗಿ ಓದಿದ. “ಗೊತ್ತಿರೋದ್ಕೆ ಮೊದ್ಲೇ ಹೇಳ್ತೀಯ, ಗೊತ್ತಿಲ್ದಿದ್ಕೆ ನೋಡ್ಕಂಡು ಹೇಳ್ತೀಯ. ಅಂಗೇ ಮಾಡು ಕಣಮ್ಮ.”

“ನಾನೂ ಅದನ್ನೇ ಹೇಳಿದ್ದೆ ಸಾರ್, ಟೈಪ್ ಮಾಡೋವಾಗ ಎಡವಟ್ಟಾಗಿದೆ,” ಎಂದು ಪ್ರಭುದೇವ ಹಲ್ಲು ಕಿರಿದ. ಆ ಸುಳ್ಳಿಗಿಂತ ಆ ಹಲ್ಲುಗಳೇ ಅವಳಿಗೆ ಹೆಚ್ಚು ಅಸಹ್ಯವಾದವು.

ಮೂವತ್ತೆಂಟನೆಯ ದಿನಕ್ಕೇ ತೂಕದ ಕೆಲಸ ಮುಗಿದು, ಮುನಿಯಮ್ಮ ಕಂಪ್ಯೂಟರಿನ ಮೊದಲ ರಸೀದಿ ಹರಿದುಕೊಟ್ಟಳು. ಮರುದಿನವೇ ಮಹಜಬೀನ್ ರಾಜೀನಾಮೆ ಕೊಟ್ಟಳು.

“ನಿನ್ನ ಮಾತೇ ನಡೀತಲ್ಲ, ಇನ್ನೇನು?” ಎಂದ ಪ್ರಭುದೇವ.

“ನಿಮ್ಮ ಪಕ್ಕ ಕೂರೋಕೆ ಆಗಲ್ಲ ಸಾರ್,” ಎಂದು ಅವಳು ಎದ್ದು ಬಂದಳು.

ದರ್ಜೆಯ ಕೆಲಸವನ್ನು ಅವನು ಕಚೇರಿಯ ರಂಗೇಶನಿಗೆ ಒಪ್ಪಿಸಿದನಂತೆ, ರಂಗೇಶನ ಹೆಸರಿನಲ್ಲೂ ಕೆಲಸ ಮುಗಿಸುವ ಒಂದು ತಾರೀಖು ಸಂಘಕ್ಕೆ ಬರೆದುಕೊಟ್ಟನಂತೆ. ಕೇಳಿ ಮಹಜಬೀನ್ ಮುಖ ಸಿಂಡರಿಸಿದಳು. ಪೇಟೆಯಲ್ಲಿ ಪ್ರಭುದೇವ ಎದುರಾದರೆ ಈಗಲೂ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಾಳೆ.